ಏಳು ಅಡಿ ಸರಿದ ರಸ್ತೆ

ಮೈಸೂರಿನಿಂದ ಬಂಟ್ವಾಳಕ್ಕೆ ಹೋಗುವ ಹೆದ್ದಾರಿಯ ಚರಿತ್ರೆ ಬರೆಯುವವರೆಲ್ಲ ಮಹಾರಾಜರಿಂದ ಶುರುಮಾಡುತ್ತಾರೆ. ಸಾಲುಮರ ನೆಡಿಸಿದರು, ಮೋರಿ ಕಟ್ಟಿಸಿದರು, ರಸ್ತೆ ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿನ ಬೆಟ್ಟ ಹತ್ತಿತು, ಸಂಪಾಜೆಯ ಘಾಟಿ ಇಳಿಯಿತು, ಕರಾವಳಿ ಸೇರಿತು ಎಂದು ಬರೆದು ಕೆಳಗೆ ಹೆಸರು ಹಾಕಿಕೊಂಡು ಶಾಲು ಹೊದಿಸಿಕೊಳ್ಳುತ್ತಾರೆ. ಇವರಲ್ಲಿ ಒಬ್ಬನಾದರೂ ಬಿಸಿಲಲ್ಲಿ ನಿಂತು ಒಂದು ಮಂಕರಿ ಜಲ್ಲಿ ಎತ್ತಿದವನಲ್ಲ. ನಾನೂ ಎತ್ತಿದವನಲ್ಲ. ಆದರೆ ಎತ್ತುವವರನ್ನು ಹದಿನೈದು ವರ್ಷ ಹುಣಸೆಮರದ ನೆರಳಲ್ಲಿ ನಿಂತು ನೋಡಿದ್ದೇನೆ. ಆ ರಸ್ತೆಯ ಮೊದಲ ಇಪ್ಪತ್ತು ಕಿಲೋಮೀಟರ್, ಊರಿನ ಅಂಚಿನಿಂದ ಇಲವಾಲದ ಆಚೆಯವರೆಗೆ, ಲೋಕೋಪಯೋಗಿ ಇಲಾಖೆಯ ಸೆಕ್ಷನ್ ಆಫೀಸರ್ ಗೋವಿಂದರಾಜು ಎಂಬ ನನ್ನ ಕೈಕೆಳಗಿತ್ತು.

ಮಹಾರಾಜರು ಹಾಕಿಸಿದ ರಸ್ತೆ ಹಾಕಿಸಿದಲ್ಲೇ ಇರುತ್ತದೆ ಎಂದು ಈ ಚರಿತ್ರೆಕಾರರು ನಂಬಿದ್ದಾರೆ. ಪಾಪ, ನಂಬಿಕೊಳ್ಳಲಿ. ಇಲವಾಲದ ಈಚೆ, ಹಳ್ಳಿಯ ದಾರಿ ಹೆದ್ದಾರಿಗೆ ಕೂಡುವ ಮಾಳದಕೊಪ್ಪಲು ಗೇಟಿನಲ್ಲಿ, ಈ ರಸ್ತೆ ಹನ್ನೆರಡು ವರ್ಷದಲ್ಲಿ ಏಳು ಅಡಿ ಎಡಕ್ಕೆ ಸರಿಯಿತು. ಭೂಕಂಪವಾಗಲಿಲ್ಲ, ಸರ್ಕಾರದ ಆದೇಶ ಬರಲಿಲ್ಲ. ಸರಿಸಿದವನ ಹೆಸರು ಕೆಂಪಯ್ಯ. ರಸ್ತೆ ಗ್ಯಾಂಗಿನ ಮೇಸ್ತ್ರಿ. ನನ್ನ ಸರ್ವೀಸಿನಲ್ಲಿ ಅವನನ್ನು ಕಂಡಷ್ಟು ತಾತ್ಸಾರದಿಂದ ನಾನು ಇನ್ನೊಬ್ಬನನ್ನು ಕಂಡಿಲ್ಲ.

ಕೆಂಪಯ್ಯ ಮಾಳದಕೊಪ್ಪಲಿನವನೇ. ಒಕ್ಕಲು ಮನೆತನ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಇವನ ಪಾಲಿಗೆ ಬಂದ ನೆಲದಲ್ಲಿ ಒಂದು ಎಮ್ಮೆ ಮಲಗಿದರೆ ಇನ್ನೊಂದು ನಿಂತೇ ಇರಬೇಕಾಗಿತ್ತು. ಹಾಗಾಗಿ ಮೀಸೆ ಮೂಡುವ ವಯಸ್ಸಿಗೆ ಗ್ಯಾಂಗಿಗೆ ದಿನಗೂಲಿಯಾಗಿ ಸೇರಿಕೊಂಡ. ಜೊತೆಗೆ ಸೇರಿದವರಲ್ಲಿ ಕೈಕಾಲು ಗಟ್ಟಿಯಿದ್ದವರು ಕೂರ್ಗಳ್ಳಿ ಕಡೆಯ ಕಾರ್ಖಾನೆಗಳಿಗೆ ಹೋದರು, ತಲೆ ಗಟ್ಟಿಯಿದ್ದವರು ಗುತ್ತಿಗೆದಾರರಾದರು. ಎರಡೂ ಇಲ್ಲದ ಇವನು ಉಳಿದ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಮೇಸ್ತ್ರಿಯಾದ.

೧೯೯೧ರಲ್ಲಿ ನಾನು ವರ್ಗವಾಗಿ ಬಂದಾಗ ಅವನಿಗೆ ನಲವತ್ತೇಳು ನಲವತ್ತೆಂಟು. ಜೀಪಿನ ಸದ್ದು ದೂರದಲ್ಲಿ ಕೇಳಿಸಿದರೆ ಸಾಕು, ತಲೆಗೆ ಸುತ್ತಿದ ಟವೆಲ್ಲು ಇಳಿದು ಕಂಕುಳಿಗೆ ಹೋಗುತ್ತಿತ್ತು, ಹಲ್ಲು ಹೊರಗೆ ಬರುತ್ತಿತ್ತು. ಜೀಪಿನಲ್ಲಿ ಡ್ರೈವರ್ ಒಬ್ಬನೇ ಇದ್ದರೂ ಅದೇ ನಮಸ್ಕಾರ. ಮೈಸೂರಿಗೆ ಯೋಗ ಕಲಿಯಲು ಬಂದ ಬಿಳಿಯರು ಆಗಾಗ ಬಾಡಿಗೆ ಸ್ಕೂಟರಿನಲ್ಲಿ ಇಲವಾಲದ ಕಡೆ ಗಾಳಿ ಸೇವನೆಗೆ ಬರುತ್ತಿದ್ದರು. ಒಮ್ಮೆ, ರಸ್ತೆಗೆ ಸಾಲ ಕೊಡುವ ಬ್ಯಾಂಕಿನವರು ತನಿಖೆಗೆ ಬಂದಿದ್ದಾರೆ ಅಂದುಕೊಂಡು ಕೆಂಪಯ್ಯ ಗ್ಯಾಂಗನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರಿಗೂ ಕೈಮುಗಿಸಿದ್ದ. ಅವರೂ ಪಾಪ, ಇದೇ ಈ ದೇಶದ ಸಂಸ್ಕೃತಿ ಅಂದುಕೊಂಡು ಸ್ಕೂಟರು ನಿಲ್ಲಿಸಿ ಕೈಮುಗಿದು ಹೋದರು.

ಇಂಥವನಿಗೆ ಒಂದು ಹೆಮ್ಮೆಯೂ ಇತ್ತು ಅನ್ನುವುದೇ ನಗೆಪಾಟಲು. ಯಾರು ಬಂದರೂ ಹೇಳುತ್ತಿದ್ದ:

"ನನ್ ಬೀಟ್ನಲ್ಲಿ ರಸ್ತೆ ಅನ್ನೋದು ಒಂದು ಗೇಣು ಅಲುಗಾಕಿಲ್ಲ ಸ್ವಾಮಿ. ದೊರೆಗಳು ಹಾಕ್ಸಿದ್ದು ಎಂಗದೋ ಅಂಗೇ ಅದೆ."

ಆ ಮನೆಯಲ್ಲಿ ತಿಳಿವಳಿಕೆ ಅಂತ ಇದ್ದದ್ದು ಅವನ ಹೆಂಡತಿ ವಸಂತಮ್ಮನಿಗೆ. ತವರಿನವರು ಗೇಟಿನ ಹತ್ತಿರ, ರಸ್ತೆಯ ಎಡಕ್ಕೆ, ರಸ್ತೆಗೂ ಹಿಂದಿನ ಹಳ್ಳಕ್ಕೂ ನಡುವೆ, ಒಂದು ಪಟ್ಟಿ ಜಾಗ ಕೊಟ್ಟಿದ್ದರು. ಅಲ್ಲಿ ಮನೆ ಕಟ್ಟುವ ಮುಂಚೆ ಆಕೆ ನನಗಿಂತ ಹಿಂದಿದ್ದ ಆಫೀಸರನ್ನು ತಡೆದು ನಿಲ್ಲಿಸಿ, ಎಷ್ಟು ಬಿಟ್ಟು ಕಟ್ಟಬೇಕು ಎಂದು ಕೇಳಿದ್ದಳಂತೆ. ರಸ್ತೆಯ ನಡುವಿನಿಂದ ಐವತ್ತು ಅಡಿ ಬಿಡಮ್ಮ, ಯಾವ ಕಾಲಕ್ಕೂ ತೊಂದರೆ ಇಲ್ಲ ಎಂದು ಆತ ಹೇಳಿದ. ವಸಂತಮ್ಮ ಬಾವಿಹಗ್ಗ ಹಿಡಿದು ಅಳೆದು, ಸರ್ಕಾರದ ಮಾತು ಅಲ್ಲವೇ ಎಂದು ಒಂದು ಅಡಿ ಹೆಚ್ಚೇ ಬಿಟ್ಟು, ಐವತ್ತೊಂದನೆಯ ಅಡಿಯಲ್ಲಿ ಮುಂದಿನ ಗೋಡೆ ಎಬ್ಬಿಸಿದಳು. ಎರಡು ಕೋಣೆಯ ಹೆಂಚಿನ ಮನೆ. ಹಿಂದೆ ಸರಿಯಲು ಜಾಗವಿಲ್ಲ, ಹಿತ್ತಿಲ ಬಾಗಿಲು ತೆಗೆದರೆ ಹಳ್ಳ.

ಈಗ ರಸ್ತೆಯ ಬಲಕ್ಕೆ ನೋಡಿ. ನಾನು ಬರುವ ಹಿಂದಿನ ವರ್ಷ ಅಲ್ಲಿ ಶಿವಮಲ್ಲಪ್ಪನವರು ರೈಸ್ ಮಿಲ್ಲು ಹಾಕಿದ್ದರು. ಸಂತೇಪೇಟೆಯ ಹಳೆಯ ವ್ಯಾಪಾರದ ಮನೆತನ. ಹಣೆ ತುಂಬ ವಿಭೂತಿ, ಮಾತು ತುಂಬ ಶರಣು, ಮಠದ ದಾಸೋಹಕ್ಕೆ ವರ್ಷಕ್ಕಿಷ್ಟು ಮೂಟೆ ಅಕ್ಕಿ. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ತಿ ಅನ್ನುತ್ತಾರಲ್ಲ, ಆ ಗಾದೆಗೆ ಕೈಕಾಲು ಬಂದು ಸಿಲ್ಕ್ ಜುಬ್ಬ ಹಾಕಿಕೊಂಡ ಹಾಗಿದ್ದರು. ಐವತ್ತು ಅಡಿಯ ಲೆಕ್ಕ ಅವರಿಗೂ ಯಾರೋ ಹೇಳಿದ್ದರು. ಆದರೆ ಅವರು ಅಳೆಯಲಿಲ್ಲ. ನಲವತ್ತಾರನೆಯ ಅಡಿಗೇ ಮಿಲ್ಲಿನ ಮುಂಗಟ್ಟೆ ಕಟ್ಟಿದರು. ಆಮೇಲೆ ಲಾರಿ ನಿಲ್ಲಿಸಲು ಜಾಗ ಸಾಲದಾಯಿತು.

ಮಳೆಗಾಲ ಮುಗಿದ ಮೇಲೆ ರಸ್ತೆಯ ಎರಡು ಅಂಚೂ ಕಿತ್ತುಹೋಗಿರುತ್ತವೆ. ಗ್ಯಾಂಗಿನವರು ಅಂಚಿಗೆ ಜಲ್ಲಿ ಹಾಕಿ, ದಮ್ಮಸು ಹೊಡೆದು, ಟಾರು ಹೊಯ್ದು ಮತ್ತೆ ಕಟ್ಟಬೇಕು. ಇದು ಪ್ರತಿವರ್ಷದ ಕೆಲಸ. ನಾನು ಬಂದ ವರ್ಷ ಕೆಂಪಯ್ಯ ಮಿಲ್ಲಿನ ಮುಂದೆ ಅಂಚು ಕಟ್ಟಲು ನಿಂತಾಗ ಶಿವಮಲ್ಲಪ್ಪನವರು ಕಟ್ಟೆಯ ಮೇಲಿಂದ ಕರೆದರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಕೈಯಲ್ಲಿ ಕಪ್ಪುಬಸಿ, ಗ್ಯಾಂಗಿನವರ ಕೈಯಲ್ಲಿ ಸ್ಟೀಲ್ ಲೋಟ, ಎರಡರಲ್ಲೂ ಅವರದೇ ಕಾಫಿ.

"ಕೆಂಪಯ್ಯಾ, ಈ ಕಡೆ ಅಂಚು ಯಾಕಪ್ಪ ಕಟ್ತೀಯ? ಲಾರಿ ಹತ್ತಿ ಹತ್ತಿ ಹೇಗಿದ್ರೂ ಒಡೆದುಹೋಗುತ್ತೆ. ದಂಡದ ಕೆಲಸ. ಈ ಜಲ್ಲೀನೂ ಆ ಕಡೆಗೇ ಹಾಕು. ಬಸ್ಸು ನಿಮ್ಮನೆ ಬಾಗಿಲಿಗೇ ಬಂದು ನಿಲ್ಲುತ್ತೆ, ನೋಡ್ತಿರು."

"ಅಂಗೇ ಆಗ್ಲಿ ಬುದ್ಧಿ," ಎಂದ ಕೆಂಪಯ್ಯ. ಒಂದು ಕ್ಷಣ ಯೋಚಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಂದಿನಿಂದ ಬಲಗಡೆಯ ಅಂಚು ಒಡೆದು ಒಡೆದು ಮಿಲ್ಲಿನ ಅಂಗಳವಾಯಿತು. ಎಡಗಡೆಯ ಅಂಚು ಎರಡರಷ್ಟು ಜಲ್ಲಿ ತಿಂದು ಬೆಳೆಯಿತು. ವರ್ಷಕ್ಕೆ ಏಳು ಇಂಚು. ಯಾರ ಕಣ್ಣಿಗೆ ಬೀಳುತ್ತದೆ ಏಳು ಇಂಚು? ಟಾರು ತನ್ನ ಮನೆಯ ಕಡೆಗೆ ಬರುತ್ತಿರುವುದನ್ನು ಕಂಡು ಆ ಪೆದ್ದ ಹಿಗ್ಗಿದ. ಹುಣಸೂರು ಬಸ್ಸು ನಿಜವಾಗಿಯೂ ಅವನ ಬಾಗಿಲಿಗೆ ಹತ್ತಿರ ನಿಲ್ಲತೊಡಗಿತು. ಕೆಂಪಯ್ಯ ಜಗಲಿಯ ಮೇಲೆ ಕೂತು, ಇಳಿಯುವವರನ್ನೆಲ್ಲ ತನ್ನ ಮನೆಗೇ ಬಂದ ನೆಂಟರ ಹಾಗೆ ವಿಚಾರಿಸಿಕೊಳ್ಳುತ್ತಿದ್ದ. ರಸ್ತೆಯನ್ನು ತನ್ನ ಮನೆಯ ಮೇಲೆ ತಾನೇ ಎಳೆದುಕೊಳ್ಳುತ್ತಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ. ಇದಕ್ಕಾಗಿ ಅವನಿಗೆ ಸಿಕ್ಕಿದ್ದು ಲೋಟದ ಕಾಫಿ ಮತ್ತು ದೀಪಾವಳಿಗೊಂದು ಪಂಚೆ. ಅದೂ ಎಲ್ಲ ವರ್ಷ ಅಲ್ಲ.

ಮಿಲ್ಲಿನಿಂದ ನೂರು ಹೆಜ್ಜೆ ಮುಂದೆ ದೊರೆಗಳ ಕಾಲದ ಮೋರಿ ಇದೆ, ಎರಡು ಕಡೆಯೂ ಕಲ್ಲಿನ ಮೋಟುಗೋಡೆ. ಮೋರಿ ಸರಿಯುವುದಿಲ್ಲವಲ್ಲ. ೧೯೯೬ರಲ್ಲಿ ಒಂದು ದಿನ ನಾನು ಸ್ಕೂಟರಿನಲ್ಲಿ ಬರುತ್ತಿದ್ದಾಗ ರಸ್ತೆ ಮೋರಿಯ ಹತ್ತಿರ ಇದ್ದಕ್ಕಿದ್ದ ಹಾಗೆ ಬಲಕ್ಕೆ ತಿರುಗಿ ನನ್ನನ್ನು ಎಡದ ಗೋಡೆಗೆ ಗುದ್ದಿಸುವುದರಲ್ಲಿತ್ತು. ಇಳಿದು ನೋಡಿದೆ. ಎಡದ ಗೋಡೆ ಟಾರಿಗೆ ತಾಕಿಕೊಂಡಿತ್ತು, ಬಲದ ಗೋಡೆ ದೂರದಲ್ಲಿ ಹುಲ್ಲಿನೊಳಗೆ ನಿಂತಿತ್ತು. ನೂಲು ಹಿಡಿದಂತಿದ್ದ ರಸ್ತೆ ಅಲ್ಲಿ ನಾಯಿಬಾಲವಾಗಿತ್ತು.

"ಏನಯ್ಯಾ ಇದು? ರಸ್ತೆ ಯಾಕೆ ಸೊಟ್ಟಗಿದೆ?" ಎಂದು ಕೆಂಪಯ್ಯನನ್ನು ಕೇಳಿದೆ.

"ರಸ್ತೆ ಎಲ್ ಸೊಟ್ಟಗದೆ ಸ್ವಾಮಿ? ಮೋರಿನೇ ಸೊಟ್ಟ ಕಟ್ಬುಟ್ಟವ್ರೆ, ಹಳೇ ಕಾಲ್ದೋರು."

ತಮಾಷೆಗೆ ಹೇಳಲಿಲ್ಲ. ನಂಬಿಯೇ ಹೇಳಿದ. ನಾನು ನಕ್ಕುಬಿಟ್ಟೆ. ನಗುವ ಬದಲು ಮಾಡಬೇಕಾದ ಕೆಲಸ ಒಂದಿತ್ತು. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಅಂತ ಇರುತ್ತದೆ. ಎಲ್ಲಿ ಎಷ್ಟು ಕೆಲಸವಾಯಿತು ಎಂದು ಬರೆದು ಸೆಕ್ಷನ್ ಆಫೀಸರ್ ಸಹಿ ಹಾಕಬೇಕು, ಅದರ ಕೆಳಗೆ ಮೇಸ್ತ್ರಿ ಹೆಬ್ಬೆಟ್ಟು ಒತ್ತಬೇಕು. ಅದರಲ್ಲಿ ನಾನು ಪ್ರತಿವರ್ಷ 'ಎರಡೂ ಅಂಚು ದುರಸ್ತಿ ಮಾಡಿದೆ, ರಸ್ತೆ ಯಥಾಸ್ಥಾನದಲ್ಲಿದೆ' ಎಂದು ಬರೆದು ಸಹಿ ಹಾಕುತ್ತಿದ್ದೆ. ಆ ವರ್ಷವೂ ಹಾಗೇ ಹಾಕಿದೆ. ಮುಂದಿನ ವರ್ಷಗಳಲ್ಲೂ ಹಾಕಿದೆ. ಸಂಕ್ರಾಂತಿಗೆ ಮಿಲ್ಲಿನಿಂದ ರಾಮಕೃಷ್ಣನಗರದ ನಮ್ಮ ಮನೆಗೆ ಒಂದು ಮೂಟೆ ಸಣ್ಣಕ್ಕಿ ಬರುತ್ತಿತ್ತು. ನಾನು ಅದನ್ನು ಲಂಚ ಎಂದು ಕರೆಯುತ್ತಿರಲಿಲ್ಲ. ಅಕ್ಕಿ ಎಂದು ಕರೆಯುತ್ತಿದ್ದೆ.

೨೦೦೩ರಲ್ಲಿ ಕೆಂಪಯ್ಯ ನಿವೃತ್ತನಾದ. ಮರುವರ್ಷ ಹೆದ್ದಾರಿ ಅಗಲ ಮಾಡುವ ಆದೇಶ ಬಂತು. ರಸ್ತೆಯ ನಡುವಿನಿಂದ ಆ ಕಡೆ ಐವತ್ತು, ಈ ಕಡೆ ಐವತ್ತು ಅಡಿ ಸರ್ಕಾರಕ್ಕೆ. ಮೂರು ಕಾಲಿನ ಯಂತ್ರ ಹೊತ್ತು ಸರ್ವೆಯ ಹುಡುಗರು ಬಂದರು. ಅವರಿಗೆ ಮಹಾರಾಜರೂ ಗೊತ್ತಿಲ್ಲ, ಮೋರಿಯೂ ಗೊತ್ತಿಲ್ಲ. ಕಣ್ಣಿಗೆ ಕಂಡ ಟಾರಿನ ನಡುವೆ ಬಿಳಿ ಗೆರೆ ಎಳೆದು, ಅದೇ ರಸ್ತೆಯ ನಡು ಎಂದರು. ಜೀಪು ಕಂಡದ್ದೇ ತಡ, ಕೆಂಪಯ್ಯ ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿಬಂದ. ಯಾರೂ ಕೇಳದಿದ್ದರೂ ಟೇಪಿನ ತುದಿ ಹಿಡಿದುಕೊಂಡ. ಹಿಡಿದುಕೊಂಡು ನೇರ ತನ್ನ ಮನೆಯ ಗೋಡೆಗೇ ಹೋಗಿ ನಿಂತ.

"ನಲವತ್ತನಾಲ್ಕು," ಎಂದು ಅವನೇ ಪಕ್ಕದವನಿಂದ ಓದಿಸಿ ಕೂಗಿ ಹೇಳಿದ.

ಹುಡುಗನೊಬ್ಬ ಒಳಗೆ ಹೋಗಿ ಆರು ಅಡಿ ಅಳೆದು ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿದ. ಮನೆಯ ತೊಲೆಗಳೆಲ್ಲ ಮುಂದಿನ ಗೋಡೆಯ ಮೇಲೇ ಕೂತಿದ್ದವು. ಆರು ಅಡಿ ಹೋಯಿತೆಂದರೆ ಮನೆ ಹೋಯಿತು. ಎದುರಿಗೆ ಮಿಲ್ಲನ್ನೂ ಅಳೆದರು. ಮುಂಗಟ್ಟೆ ಐವತ್ತಮೂರರಲ್ಲಿತ್ತು. ಶಿವಮಲ್ಲಪ್ಪನವರು ಸರ್ವೆಯವರಿಗೆಲ್ಲ ಎಳನೀರು ಕೊಡಿಸಿದರು.

ವಸಂತಮ್ಮ ಹೊರಗೆ ಬಂದು ಗುರುತು ನೋಡಿದಳು, ಬಿಳಿ ಗೆರೆ ನೋಡಿದಳು. ಸಂಜೆ ಒಬ್ಬಳೇ ಮೋರಿಯ ಹತ್ತಿರ ಹೋಗಿ, ಎರಡು ಮೋಟುಗೋಡೆಗಳ ನಡುವನ್ನು ಹಗ್ಗದಲ್ಲಿ ಹಿಡಿದು, ಅಲ್ಲಿಂದ ರಸ್ತೆಯುದ್ದಕ್ಕೂ ನೇರ ನೋಡಿ ಅಳೆದುಕೊಂಡಳು. ಮೂವತ್ತು ವರ್ಷ ಇಂಜಿನಿಯರಿಂಗ್ ಮಾಡಿದ ನಾವು ಮಾಡದ ಕೆಲಸ. ಮರುದಿನ ಬೆಳಿಗ್ಗೆ ಗಂಡನನ್ನು ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ರಾಮಕೃಷ್ಣನಗರಕ್ಕೆ ಬಂದಳು. ಕೂತುಕೊಳ್ಳಿ ಅಂದರೆ ಕೂರಲಿಲ್ಲ.

"ಮೋರಿ ನಡುವಿಂದ ಅಳೆದ್ರೆ ನಮ್ಮನೆ ಉಳೀತದೆ ಸ್ವಾಮಿ, ಮಿಲ್ಲಿನ ಕಟ್ಟೆ ಓಯ್ತದೆ. ಟಾರ್ ನಡುವಿಂದ ಅಳೆದ್ರೆ ಕಟ್ಟೆ ಉಳೀತದೆ, ನಮ್ಮನೆ ಓಯ್ತದೆ. ಟಾರು ಸರಿದದೆ ಅಂತ ನಿಮ್ಗೂ ಗೊತ್ತು. ಅದ್ನೇ ಒಂದು ಕಾಗದ್ದಲ್ಲಿ ಬರ್ದುಕೊಡಿ. ಇನ್ನೇನೂ ಬ್ಯಾಡ."

ಬರೆದುಕೊಡುವುದು ಅಂದರೆ ಏನು? ಹನ್ನೆರಡು ವರ್ಷದ ನನ್ನ ಸಹಿ ಸುಳ್ಳು ಎಂದು ನಾನೇ ಬರೆದುಕೊಡುವುದು. ನನ್ನ ನಿವೃತ್ತಿಗೆ ಎರಡು ವರ್ಷವಿತ್ತು. ನಮ್ಮ ಅಡುಗೆಮನೆಯಲ್ಲಿ ಆ ಹೊತ್ತಿಗೂ ಅದೇ ಮಿಲ್ಲಿನ ಅಕ್ಕಿ ಬೇಯುತ್ತಿತ್ತು.

"ವಿಚಾರಣೆ ಅಂತ ಇಡ್ತಾರಮ್ಮ. ಅಲ್ಲಿ ನೀವೇ ಹೇಳಿಕೊಳ್ಳಿ. ನಾನು ಹೇಳೋದಕ್ಕಿಂತ ಕೆಂಪಯ್ಯ ಹೇಳಿದರೆ ತೂಕ ಜಾಸ್ತಿ," ಎಂದೆ. ಹೀಗೆ ಹೇಳಲು ನನಗೆ ನಾಚಿಕೆಯಾಗಲಿಲ್ಲ. ಅಷ್ಟು ಮಟ್ಟಿಗೆ ಸರ್ವೀಸ್ ಆಗಿತ್ತು.

"ಬುಡಮ್ಮಿ, ಸ್ವಾಮಿಗೆ ಯಾಕ್ ತೊಂದ್ರೆ," ಎಂದ ಕೆಂಪಯ್ಯ, ಹಲ್ಲು ಬಿಡುತ್ತ.

ವಸಂತಮ್ಮ ಗಂಡನನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿದ್ದದ್ದು ನನ್ನ ಎದೆಯಲ್ಲಿದ್ದ ತಾತ್ಸಾರವೇ ಅಂದುಕೊಂಡು ನನಗೆ ಒಳಗೊಳಗೇ ಸಮಾಧಾನವಾಯಿತು.

ವಿಚಾರಣೆ ಮೈಸೂರಿನೊಳಗೆ ಒಂದು ಹಳೆಯ ಕಚೇರಿಯಲ್ಲಿ ನಡೆಯಿತು. ಭೂಸ್ವಾಧೀನದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ಹೊಸದಾಗಿ ಬಂದವರು, ಕೇಳುವ ತಾಳ್ಮೆ ಇದ್ದವರು. ಇದು ನನಗೆ ಹಿಡಿಸಲಿಲ್ಲ. ಒಂದು ಬೆಂಚಿನಲ್ಲಿ ಶಿವಮಲ್ಲಪ್ಪನವರು, ಮೇಜಿನ ಪಕ್ಕ ಅಳತೆ ಪುಸ್ತಕಗಳ ಜೊತೆ ನಾನು, ಎದುರಿಗೆ ಗಂಡಹೆಂಡತಿ. ಬಸ್ಸಿನಲ್ಲಿ ಬರುವಾಗ ಹೆಂಡತಿ ಉರು ಹೊಡೆಸಿದ್ದಳೆಂದು ಕಾಣುತ್ತದೆ, ಕೆಂಪಯ್ಯನ ತುಟಿ ಅಲುಗುತ್ತಲೇ ಇತ್ತು. ಅಧಿಕಾರಿ ವಸಂತಮ್ಮನ ಅರ್ಜಿ ಓದಿ ತಲೆ ಎತ್ತಿದರು.

"ರಸ್ತೆ ಸರಿದಿದೆ ಅಂತ ಬರೆದಿದ್ದೀರಿ. ಇದು ನಿಜವಾದರೆ ಮತ್ತೆ ಅಳೆಸೋಣ, ಅಡ್ಡಿಯಿಲ್ಲ. ಏನಪ್ಪಾ, ಮೂವತ್ತು ವರ್ಷ ಆ ರಸ್ತೆ ನೋಡಿಕೊಂಡವನು ನೀನೇ ಅಲ್ವಾ? ನೀನೇ ಹೇಳು. ನಿನ್ನ ಕಾಲದಲ್ಲಿ ರಸ್ತೆ ಜಾಗ ಬಿಟ್ಟು ಸರಿಯಿತಾ?"

ಮನೆ ಉಳಿಯಲು ಒಂದು 'ಹೂಂ' ಸಾಕಿತ್ತು.

ಕೆಂಪಯ್ಯ ಎದ್ದು ನಿಂತ. ಟವೆಲ್ಲು ಕಂಕುಳಿಗೆ ಹೋಯಿತು. ಶಿವಮಲ್ಲಪ್ಪನವರ ಕಡೆ ನೋಡಿದ. ನನ್ನ ಕಡೆ ನೋಡಿದ. ನಾನು ಪುಸ್ತಕದ ಹಾಳೆ ತಿರುಗಿಸಿದೆ. ಅಷ್ಟು ದೊಡ್ಡ ಅಧಿಕಾರಿ, ಅವನ ಕೆಲಸ ಕೆಟ್ಟಿತೇ ಎಂದು ನಾಲ್ಕು ಜನರ ಎದುರು ಕೇಳಿದ್ದರು. ಅವನಿಗೆ ಕೇಳಿಸಿದ್ದು ಅಷ್ಟೇ.

"ಉಂಟಾ ಬುದ್ಧಿ! ನನ್ ಬೀಟ್ನಲ್ಲಿ ರಸ್ತೆ ಒಂದು ಗೇಣು ಅಲುಗಿಲ್ಲ. ಎಲ್ಲಿತ್ತೋ ಅಲ್ಲೇ ಅದೆ. ಬೇಕಾದ್ರೆ ಸ್ವಾಮೇರನ್ನೇ ಕೇಳಿ."

ಎದೆಯುಬ್ಬಿಸಿ ಹೇಳಿದ. ಅಷ್ಟು ವರ್ಷದಲ್ಲಿ ಅವನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದ್ದು ಆ ಒಂದು ಗಳಿಗೆ.

"ಸುಳ್ಳು ಸ್ವಾಮಿ!" ಎಂದು ವಸಂತಮ್ಮ ಮೇಲೆದ್ದಳು. "ಇವ್ನು ಭಯಕ್ಕೆ ಅಂಗಂತಾನೆ. ನೀವು ಬಂದು ಮೋರಿ ನೋಡಿ. ಈ ಸ್ವಾಮೇರಿಗೂ ಗೊತ್ತು, ಕೇಳಿ. ದೇವ್ರಾಣೆ ಮಾಡಿ ಕೇಳಿ."

ಅಧಿಕಾರಿ ನನ್ನ ಕಡೆ ತಿರುಗಿದರು. "ಏನು ಗೋವಿಂದರಾಜು?"

ಮೋರಿ ಮೂರ್ಖರು ಕಟ್ಟಿದ್ದಲ್ಲ, ಟಾರು ಸರಿದಿದೆ, ಹೋಗಿ ನೋಡೋಣ ಬನ್ನಿ ಎಂದು ಹೇಳಬಹುದಿತ್ತು. ಏನಾಗುತ್ತಿತ್ತು? ಒಂದು ನೋಟಿಸು ಬರುತ್ತಿತ್ತು, ಒಂದು ವರ್ಷದ ಬಡ್ತಿ ಹೋಗುತ್ತಿತ್ತು. ನೇಣಿಗೆ ಹಾಕುತ್ತಿರಲಿಲ್ಲ.

"ದಾಖಲೆ ಪ್ರಕಾರ ಯಥಾಸ್ಥಾನದಲ್ಲೇ ಇದೆ ಸಾರ್. ಮೇಸ್ತ್ರಿ ಹೆಬ್ಬೆಟ್ಟೂ ಇದೆ," ಎಂದು ಪುಸ್ತಕ ಅವರ ಕಡೆ ತಳ್ಳಿದೆ.

ಹೊರಗೆ ಬಂದಾಗ ಕೆಂಪಯ್ಯ ಮೆಟ್ಟಿಲ ಬಳಿ ನನಗಾಗಿಯೇ ಕಾದು ನಿಂತಿದ್ದ. ವಸಂತಮ್ಮ ದೂರದಲ್ಲಿ ಗೇಟಿನ ಹತ್ತಿರ, ಬೆನ್ನು ತಿರುಗಿಸಿಕೊಂಡು. ಅವನು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

"ನನ್ನಿಂದ ನಿಮ್ಗೇನೂ ತೊಂದ್ರೆ ಆಗ್ಲಿಲ್ವಲ್ಲ ಸ್ವಾಮಿ?"

ಇಂಥ ಮನುಷ್ಯನನ್ನು ಏನು ಮಾಡಬೇಕು? ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಇಲ್ಲ ಹೋಗಯ್ಯ ಎಂದೆ. ಅವನ ಮುಖದಲ್ಲಿ ನಿರಾಳ ಕಂಡಿತು. ಆಟೋದಲ್ಲಿ ಮನೆಗೆ ಬರುವಾಗ ಆ ನಿರಾಳವನ್ನು ನೆನೆದು ಬೈಯುತ್ತಲೇ ಇದ್ದೆ. ಬೈಗುಳ ಯಾರಿಗೆ ಹೋಗಬೇಕು ಎನ್ನುವುದು ಮಾತ್ರ ಕುವೆಂಪುನಗರ ದಾಟುವ ಹೊತ್ತಿಗೆ ನನಗೆ ಸರಿಯಾಗಿ ತಿಳಿಯಲಿಲ್ಲ.

೨೦೦೬ರ ಮಾರ್ಚಿನಲ್ಲಿ ಜೆಸಿಬಿ ಬಂತು. ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು. ಮನೆ ಕೆಡವಿ ಜಾಗ ವಶಕ್ಕೆ ತೆಗೆದುಕೊಂಡದ್ದಕ್ಕೆ ಮಹಜರು ಬರೆಯಲು ನಾನೇ ಹೋಗಬೇಕಾಯಿತು. ಶಿವಮಲ್ಲಪ್ಪನವರ ಕಟ್ಟೆಯ ಮೇಲೆ ನನಗೆ ಕುರ್ಚಿ ಹಾಕಿಸಿದ್ದರು. ಪಾತ್ರೆಗಳು, ಕಂಬಳಿ, ಒಂದು ಟ್ರಂಕು, ಇಳಿಸಿದ ಹೆಂಚು ಎಲ್ಲ ಹಳ್ಳದ ಬದುವಿನ ಮೇಲೆ. ಕೆಂಪಯ್ಯ ಜೆಸಿಬಿಯ ಮುಂದೆ ನಿಂತು ಕೈಬೀಸುತ್ತಿದ್ದ.

"ಇನ್ನೊಸಿ ಬಲಕ್ಕೆ ತಕ್ಕೊ ಅಣ್ಣ, ಬಲಕ್ಕೆ. ಗೆರೆ ಮೀರ್ಬ್ಯಾಡ. ಸ್ವಾಮೇರು ನೋಡ್ತಾವ್ರೆ."

ಗೋಡೆ ಬೀಳುವುದಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತು ಬೇಕಾಗಲಿಲ್ಲ. ಧೂಳು ಇಳಿದ ಮೇಲೆ ಮಹಜರಿನ ಕಾಗದ ಹಿಡಿದು ರಸ್ತೆ ದಾಟಿ ಹೋದೆ. ಕೆಂಪಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕೇಳುವ ಮೊದಲೇ ಎಡಗೈ ಹೆಬ್ಬೆರಳು ಮುಂದೆ ಚಾಚಿದ. ನಾನು ಶಾಯಿಯ ಡಬ್ಬಿ ತೆಗೆದೆ.

ವಸಂತಮ್ಮ ಬಂದು ಗಂಡನ ಕೈ ಹಿಡಿದು ನಿಲ್ಲಿಸಿದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ.

"ತಡಿ. ಮೊದ್ಲು ಸ್ವಾಮೇರು ಸೈನ್ ಹಾಕ್ಲಿ. ನೀನು ಯಾವತ್ತೂ ಅವ್ರ ಸೈನ್ ಕೆಳ್ಗೇ ತಾನೆ ಒತ್ತಿರೋದು? ಏನ್ ಬರ್ದದೆ ಅಂತ ಒಂದಿನಾನೂ ಕೇಳ್ದೋನಲ್ಲ. ಅವ್ರು ಓದು ಬಲ್ಲೋರು, ಅವ್ರು ಹಾಕಿದ್ಮೇಲೆ ಸರೀಗೇ ಇರ್ತದೆ ಅಂತ ನೀನು ಒತ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ಹಾಕಿ ಸ್ವಾಮಿ. ನಾವು ಕಾಯ್ತೀವಿ."

ಕೆಂಪಯ್ಯ ಹೆಬ್ಬೆರಳನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ. ಅವನ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ನಾನು ಕಾಗದವನ್ನು ಜೆಸಿಬಿಯ ಚಕ್ರದ ಮೇಲೆ ಇಟ್ಟುಕೊಂಡು ಸಹಿ ಹಾಕಿದೆ, ಕೆಳಗೆ ಅವನಿಗೆ ಜಾಗ ಬಿಟ್ಟು.